ತಿಂಡಿ ಪೊಟ್ಟಣದ ವಿಮಾನ ಕಾರ್ಡುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಟೀ ಪುಡಿ, ಬಬಲ್‌ಗಮ್, ಚಾಕೊಲೇಟ್, ಬೆಳಗಿನ ತಿಂಡಿಯ ಫ್ಲೇಕ್ಸ್ ಜೊತೆ ಒಂದು ಕಾಲದಲ್ಲಿ ಬಿಟ್ಟಿಯಾಗಿ ಬರುತ್ತಿದ್ದ ವಿಮಾನದ ಚಿತ್ರಗಳನ್ನು ಕೂಡಿಡುವುದು ನನ್ನ ಬಹುಕಾಲದ ಹವ್ಯಾಸ. ಇದರ ಬಗ್ಗೆ ಮಾತಿಗೆ ಸಿಕ್ಕವರು, ಪತ್ರ ಬರೆದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ನನ್ನ ಮಟ್ಟಿಗೆ ಈ ಕಾರ್ಡುಗಳ ನಿಜವಾದ ಬೆಲೆ ಇರುವುದು ಹಿಂಬದಿಯ ನಾಲ್ಕು ಸಾಲಿನಲ್ಲಿ. ಒಂದು ವಿಮಾನದ ಬಗ್ಗೆ ಆ ವರ್ಷದ ಜನ ಏನು ತಿಳಿದಿದ್ದರು, ಏನು ಕನಸು ಕಂಡಿದ್ದರು ಅನ್ನುವುದು ಅಲ್ಲಿರುತ್ತದೆ. ಕೆಳಗಿನ ಉತ್ತರಗಳೂ ಆ ಕಡೆಗೇ ವಾಲಿವೆ.

## ಈಗಷ್ಟೇ ಶುರು ಮಾಡುವವರಿಗೆ

ಟೀ ಪುಡಿಗೂ ವಿಮಾನಕ್ಕೂ ಏನು ಸಂಬಂಧ? ತಿನ್ನೋ ಪದಾರ್ಥದ ಜೊತೆ ಇದನ್ನ ಯಾಕೆ ಕೊಡ್ತಿದ್ರು?

ಸಂಬಂಧ ಇದ್ದದ್ದು ಮನೆಯ ಮಕ್ಕಳ ಜೊತೆ. ದೊಡ್ಡವರಿಗೆ ಯಾವ ಕಂಪನಿಯ ಟೀ ಆದರೂ ಸರಿ. ಆದರೆ ಐವತ್ತು ಕಾರ್ಡಿನ ಸೆಟ್‌ನಲ್ಲಿ ಮೂರು ಬಾಕಿ ಇರುವ ಮಗು ಇನ್ನೊಂದು ಕಂಪನಿಯ ಪೊಟ್ಟಣ ತರಲು ಬಿಡುವುದಿಲ್ಲ. ಕಾರ್ಡುಗಳಿಗೆ ನಂಬರು ಹಾಕಿದ್ದು, ಆಲ್ಬಂ ಮಾರಿದ್ದು ಎಲ್ಲ ಇದಕ್ಕೇ.

ಚಿತ್ರಕ್ಕೆ ವಿಮಾನವನ್ನೇ ಆರಿಸಿದ್ದಕ್ಕೆ ಕಾಲವೇ ಕಾರಣ. ರೈಟ್ ಸಹೋದರರು ಹಾರಿದ್ದು 1903ರ ಡಿಸೆಂಬರ್ 17ರಂದು. 1909ರ ಜುಲೈ 25ರಂದು ಲೂಯಿ ಬ್ಲೇರಿಯೊ ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ದಾಟಿದ. ಯುರೋಪಿನ ಜನ ಹುಚ್ಚೆದ್ದು ಹೋದರು. ಚಾಕೊಲೇಟ್ ಕಂಪನಿಗಳು ಅದಕ್ಕೂ ಮೊದಲೇ ಆಕಾಶದ ಕಡೆ ನೋಡುತ್ತಿದ್ದವು. ಬರ್ಲಿನ್‌ನ ಹಿಲ್ಡೆಬ್ರಾಂಡ್ ಕಂಪನಿ 1900ರ ಸುಮಾರಿಗೆ, 2000ನೇ ಇಸವಿ ಹೇಗಿರುತ್ತದೆ ಎಂದು ಊಹಿಸಿ ಕಾರ್ಡುಗಳನ್ನು ಹೊರಡಿಸಿತು. ಅದರಲ್ಲಿ ಜನ ಬೆನ್ನಿಗೆ ರೆಕ್ಕೆ ಕಟ್ಟಿಕೊಂಡು ಹಾರುತ್ತಾರೆ. 1927ರ ಮೇ ತಿಂಗಳಲ್ಲಿ ಲಿಂಡ್‌ಬರ್ಗ್ ಒಬ್ಬನೇ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಹಾರಿದ ಮೇಲೆ ಅಮೆರಿಕದಲ್ಲೂ ಇದೇ ಅಲೆ ಎದ್ದಿತು. 1930ರ ದಶಕದಲ್ಲಿ ಹೈನ್ಜ್ ಕಂಪನಿ ತನ್ನ ತಿಂಡಿಯ ಡಬ್ಬಿಗಳ ಜೊತೆ ವಿಮಾನ ಮತ್ತು ಪೈಲಟ್‌ಗಳ ಕಾರ್ಡು ಕೊಟ್ಟಿತು. ಆಗಿನ ಮಗುವಿಗೆ ವಿಮಾನ ಹತ್ತುವ ಅವಕಾಶ ಇರಲಿಲ್ಲ. ಕಾರ್ಡು ಮಾತ್ರ ಕೈಗೆ ಸಿಗುತ್ತಿತ್ತು.

ಎಷ್ಟು ಹಳೇದಾದ್ರೆ ವಿಂಟೇಜ್ ಅಂತಾರೆ?

ಕಟ್ಟುನಿಟ್ಟಾದ ಗೆರೆ ಇಲ್ಲ. ಅಮೆರಿಕದ ಕಾರ್ಡು ವ್ಯಾಪಾರಿಗಳು ಸಾಮಾನ್ಯವಾಗಿ 1980ಕ್ಕೆ ಮುಂಚಿನದನ್ನು ಹೀಗೆ ಕರೆಯುತ್ತಾರೆ. ಎರಡನೇ ಮಹಾಯುದ್ಧಕ್ಕೆ ಮುಂಚಿನದನ್ನು ಬೇರೆಯಾಗಿಯೇ ಇಡುತ್ತಾರೆ. ನಾನೂ ಅಷ್ಟಕ್ಕೇ ನಿಲ್ಲುತ್ತೇನೆ.

ಸಿಗರೇಟು ಪ್ಯಾಕಲ್ಲಿ ಬರ್ತಿದ್ದ ಕಾರ್ಡೂ ಇದೂ ಒಂದೇನಾ?

ಹುಟ್ಟು ಅಲ್ಲಿಂದಲೇ. ಮೊದಲು ಸಿಗರೇಟು ಪ್ಯಾಕು ಬರೀ ಕಾಗದದ್ದಾಗಿತ್ತು. ಒಳಗಿನ ಸಿಗರೇಟು ಮುರಿಯದಿರಲಿ ಎಂದು ಒಂದು ಗಟ್ಟಿ ರಟ್ಟು ಇಡುತ್ತಿದ್ದರು. ಆ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದರೆ ಜಾಹೀರಾತೂ ಆಯಿತು. ಬ್ರಿಟನ್‌ನ ಪ್ಲೇಯರ್ಸ್ ಕಂಪನಿ 1930ರ ದಶಕದಲ್ಲಿ ಹೊರಡಿಸಿದ ವಿಮಾನದ ಸೆಟ್‌ಗಳು ಇವತ್ತಿಗೂ ಚೆನ್ನಾಗಿ ಸಿಗುತ್ತವೆ.

1940ರಲ್ಲಿ ಯುದ್ಧದ ಕಾಗದ ಕೊರತೆಯಿಂದ ಬ್ರಿಟನ್‌ನಲ್ಲಿ ಸಿಗರೇಟು ಕಾರ್ಡು ನಿಂತುಹೋಯಿತು. ಯುದ್ಧ ಮುಗಿದರೂ ಆ ವೈಭವ ಮರಳಲಿಲ್ಲ. ಖಾಲಿಯಾದ ಆ ಜಾಗವನ್ನು ತುಂಬಿದ್ದು ಟೀ, ಮಿಠಾಯಿ, ಐಸ್‌ಕ್ರೀಂ ಕಂಪನಿಗಳು. ಬ್ರಿಟನ್‌ನಲ್ಲಿ ಟೀ ರೇಷನ್ ಮುಗಿದದ್ದು 1952ರ ಅಕ್ಟೋಬರ್‌ನಲ್ಲಿ. ರೇಷನ್ ಇರುವವರೆಗೆ ಗಿರಾಕಿಯನ್ನು ಸೆಳೆಯುವ ಅಗತ್ಯ ಅಷ್ಟಾಗಿ ಇರಲಿಲ್ಲ. ಮುಗಿದ ಮೇಲೆ ಪೈಪೋಟಿ ಶುರುವಾಯಿತು. 1954ರಲ್ಲಿ ಬ್ರೂಕ್ ಬಾಂಡ್ ಹಕ್ಕಿಗಳ ಚಿತ್ರದ 20 ಕಾರ್ಡಿನ ಸೆಟ್ ಹೊರಡಿಸಿತು. ಆ ಸಾಲು 1999ರವರೆಗೆ ನಡೆಯಿತು.

ಅಳತೆಯಲ್ಲಿ ಟೀ ಕಾರ್ಡು ಸಿಗರೇಟು ಕಾರ್ಡಿನಷ್ಟೇ, ಸುಮಾರು 68 × 36 ಮಿ.ಮೀ. ಅಮೆರಿಕದ ಬಬಲ್‌ಗಮ್ ಕಾರ್ಡು ಇದಕ್ಕಿಂತ ದೊಡ್ಡದು.

ನನ್ನ ಹತ್ರ ದುಡ್ಡು ಜಾಸ್ತಿ ಇಲ್ಲ. ಯಾವ ಸೆಟ್‌ನಿಂದ ಶುರು ಮಾಡ್ಲಿ?

ಬ್ರೂಕ್ ಬಾಂಡ್ 1972ರಲ್ಲಿ ಹೊರಡಿಸಿದ 'ಹಿಸ್ಟರಿ ಆಫ್ ಏವಿಯೇಷನ್'. 50 ಕಾರ್ಡು. ಲಕ್ಷಾಂತರ ಮನೆಗಳಿಗೆ ಹೋದ ಕಾರ್ಡುಗಳಾದ್ದರಿಂದ ಪೂರ್ತಿ ಸೆಟ್ ಕೆಲವೇ ಪೌಂಡ್‌ಗೆ ಸಿಗುತ್ತದೆ. ಚಿತ್ರ ಚೆನ್ನಾಗಿದೆ, ಹಿಂಬದಿಯ ಬರಹ ಸರಳವಾಗಿದೆ. ವಿಮಾನದ ಇತಿಹಾಸ ಗೊತ್ತಿಲ್ಲದವರಿಗೆ ಇದೇ ಮೊದಲ ಪಾಠ.

ಅದಾದ ಮೇಲೆ 1966ರ 'ಟ್ರಾನ್ಸ್‌ಪೋರ್ಟ್ ಥ್ರೂ ದಿ ಏಜಸ್' ಮತ್ತು 1971ರ 'ದಿ ರೇಸ್ ಇಂಟು ಸ್ಪೇಸ್' ನೋಡಿ. ಮೊದಲನೆಯದು ಎಲ್ಲ ಬಗೆಯ ವಾಹನಗಳದ್ದು, ಎರಡನೆಯದು ಚಂದ್ರನ ಮೇಲೆ ಮನುಷ್ಯ ಇಳಿದ ಬಿಸಿಯಲ್ಲೇ ಬಂದದ್ದು. ಲಯನ್ಸ್ ಟೀ 1960ರ ದಶಕದ ಮೊದಲ ವರ್ಷಗಳಲ್ಲಿ ತಂದ 'ವಿಂಗ್ಸ್ ಅಕ್ರಾಸ್ ದಿ ವರ್ಲ್ಡ್' 24 ಕಾರ್ಡಿನ ಚಿಕ್ಕ ಸೆಟ್. ಅದೂ ಕೈಗೆಟುಕುತ್ತದೆ.

ಬಿಡಿ ಕಾರ್ಡು ಕೊಂಡು ಸೆಟ್ ಕಟ್ಟುವುದರಲ್ಲಿ ಖುಷಿ ಇದೆ, ನಿಜ. ಆದರೆ ನಮ್ಮಲ್ಲಿಂದ ಪ್ರತಿ ಸಲ ಅಂಚೆ ವೆಚ್ಚ ಕೊಟ್ಟು ಒಂದೊಂದೇ ತರಿಸುವುದು ದುಬಾರಿ. ಮೊದಲ ಸೆಟ್ ಪೂರ್ತಿಯಾಗಿಯೇ ತೆಗೆದುಕೊಳ್ಳಿ.

ಬ್ರೂಕ್ ಬಾಂಡ್ ಅಂದ್ರೆ ನಮ್ಮ ರೆಡ್ ಲೇಬಲ್ ಟೀ ಕಂಪನೀನಾ?

ಹೌದು, ಅದೇ ಹೆಸರು. ಆರ್ಥರ್ ಬ್ರೂಕ್ 1869ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅಂಗಡಿ ತೆರೆದದ್ದರಿಂದ ಶುರು. ನಮ್ಮ ಅಡುಗೆಮನೆಯ ರೆಡ್ ಲೇಬಲ್, ತಾಜ್ ಮಹಲ್, ತ್ರೀ ರೋಸಸ್ ಎಲ್ಲ ಈ ಹೆಸರಿನಡಿ ಬಂದವು. ಬ್ರಿಟನ್‌ನಲ್ಲಿ ಕಾರ್ಡು ಹೆಚ್ಚಾಗಿ ಬಂದದ್ದು ಪಿಜಿ ಟಿಪ್ಸ್ ಪೊಟ್ಟಣದಲ್ಲಿ, ಕೆನಡಾದಲ್ಲಿ ರೆಡ್ ರೋಸ್ ಟೀ ಜೊತೆ.

ನಮ್ಮ ಕಡೆ ಬೆಳೆದವರ ನೆನಪು ಬೇರೆ. ಬಿಗ್ ಫನ್ ಬಬಲ್‌ಗಮ್‌ನ ಕ್ರಿಕೆಟ್ ಚೀಟಿ, ಬಿನಾಕಾ ಟೂತ್‌ಪೇಸ್ಟ್ ಡಬ್ಬಿಯ ಪ್ಲಾಸ್ಟಿಕ್ ಪ್ರಾಣಿಗಳು. ಶೆಟ್ಟರ ಅಂಗಡಿಯಲ್ಲಿ ನಿಂತು "ಇದು ನನ್ನ ಹತ್ರ ಇದೆ, ಬೇರೆ ಕೊಡಿ" ಅಂದವರಿಗೆ ಮ್ಯಾಂಚೆಸ್ಟರ್‌ನ ಮಗುವಿನ ಮನಸ್ಸು ಬೇಗ ಅರ್ಥವಾಗುತ್ತದೆ.

ಕಾರ್ಡು ಅಂದ್ರೆ ಕಾರ್ಡೇ ಆಗ್ಬೇಕಾ? ಪ್ಲಾಸ್ಟಿಕ್ ಬಿಲ್ಲೆ, ರಟ್ಟಿನ ವಿಮಾನ ಸೇರಿಸ್ಬಹುದಾ?

ಧಾರಾಳವಾಗಿ. ಕೆನಡಾದಲ್ಲಿ 1960ರ ದಶಕದ ಆರಂಭದಲ್ಲಿ ಜೆಲ್-ಓ ಎಂಬ ಜೆಲ್ಲಿ ಪುಡಿ ಮತ್ತು ಹೋಸ್ಟೆಸ್ ಆಲೂಗಡ್ಡೆ ಚಿಪ್ಸ್ ಜೊತೆ ವಿಮಾನದ ಚಿತ್ರವಿರುವ ದುಂಡನೆಯ ಪ್ಲಾಸ್ಟಿಕ್ ಬಿಲ್ಲೆಗಳು ಬಂದವು. ಪೂರ್ತಿ ಸೆಟ್ 200. ಯುದ್ಧದ ವರ್ಷಗಳಲ್ಲಿ ಅಮೆರಿಕದ ಕೆಲಾಗ್ಸ್ ಕಂಪನಿ 'ಪೆಪ್' ಎಂಬ ತಿಂಡಿಯ ಜೊತೆ ಜೋಡಿಸುವ ಪುಟ್ಟ ಯುದ್ಧವಿಮಾನ ಕೊಟ್ಟಿತು. ಕೋಕಾ-ಕೋಲಾ 1943ರಲ್ಲಿ ವಿಲಿಯಂ ಹೀಸ್ಲಿಪ್ ಎಂಬ ಕಲಾವಿದ ಬರೆದ 20 ವಿಮಾನಗಳ ದೊಡ್ಡ ಚಿತ್ರಗಳನ್ನು ಹಂಚಿತು. ಇವೆಲ್ಲ ಒಂದೇ ಮನೆತನದವು. ಇಡುವ ರೀತಿ ಮಾತ್ರ ಬೇರೆ ಬೇರೆ.

## ಕೊಳ್ಳುವುದು, ಜೋಪಾನ ಮಾಡುವುದು

ಇಲ್ಲಿ ಕೂತು ಎಲ್ಲಿಂದ ತರಿಸೋದು? ಮೋಸ ಹೋಗಲ್ವಾ?

ಬ್ರಿಟಿಷ್ ಕಾರ್ಡಿಗೆ ಹಳೆಯ ವ್ಯಾಪಾರಿಗಳೇ ಒಳ್ಳೆಯ ದಾರಿ. ಲಂಡನ್ ಸಿಗರೆಟ್ ಕಾರ್ಡ್ ಕಂಪನಿ 1927ರಿಂದ ಬಂದ ಹೆಸರು. ಅವರ ಬೆಲೆಪಟ್ಟಿಯನ್ನು ಬೇರೆ ವ್ಯಾಪಾರಿಗಳೂ ಅಳತೆಗೋಲಾಗಿ ಹಿಡಿಯುತ್ತಾರೆ. ಹರಾಜು ತಾಣಗಳಲ್ಲಿ ಕೊಳ್ಳುವುದಾದರೆ ಮುಂಭಾಗ, ಹಿಂಭಾಗ ಎರಡರ ಫೋಟೋ ಕೇಳಿ. ಹಿಂಭಾಗ ತೋರಿಸಲು ಹಿಂದೇಟು ಹಾಕುವವರಿಂದ ಕೊಳ್ಳಬೇಡಿ. ಅಂಟು ಹಾಕಿ ಕಿತ್ತ ಗುರುತು, ಕತ್ತರಿಸಿದ ಅಂಚು, ಮರುಮುದ್ರಣದ ಸಾಲು ಎಲ್ಲವೂ ಹಿಂದೆಯೇ ಇರುತ್ತವೆ.

ಬೆಲೆ ನೋಡುವಾಗ ಅಂಚೆ ಮತ್ತು ಕಸ್ಟಮ್ಸ್ ಸುಂಕ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಿ. ಅಗ್ಗದ ಸೆಟ್‌ಗೆ ಸೆಟ್‌ಗಿಂತ ಅಂಚೆಯೇ ಜಾಸ್ತಿ ಆಗುವುದುಂಟು. ಬ್ರಿಟನ್, ಕೆನಡಾ, ಅಮೆರಿಕದಲ್ಲಿ ನಿಮ್ಮ ನೆಂಟರಿದ್ದರೆ ಅವರ ವಿಳಾಸಕ್ಕೆ ತರಿಸಿಟ್ಟು, ಅವರು ಊರಿಗೆ ಬರುವಾಗ ತರಲು ಹೇಳಿ. ಐವತ್ತು ಟೀ ಕಾರ್ಡು ಒಂದು ಪಾಸ್‌ಪೋರ್ಟಿನಷ್ಟೂ ಜಾಗ ತಿನ್ನುವುದಿಲ್ಲ.

ಕೊಂಡ ಆಲ್ಬಂನಲ್ಲಿ ಕಾರ್ಡುಗಳನ್ನ ಅಂಟಿಸಿಬಿಟ್ಟಿದ್ದಾರೆ. ನೀರಲ್ಲಿ ನೆನೆಸಿ ಬಿಡಿಸ್ಲಾ?

ಬೇಡ. ಬಿಡಿಸಿದ ಕಾರ್ಡಿನ ಹಿಂಬದಿ ಸಾಮಾನ್ಯವಾಗಿ ಹಾಳಾಗಿರುತ್ತದೆ, ಬಣ್ಣ ಹರಡುವುದೂ ಉಂಟು. ಅದರ ಬೆಲೆ ಆಲ್ಬಂನಲ್ಲಿ ಇದ್ದದ್ದಕ್ಕಿಂತ ಹೆಚ್ಚುವುದಿಲ್ಲ. ಅದಕ್ಕಿಂತ ಮುಖ್ಯ, ಆಲ್ಬಂ ಇದ್ದದ್ದೇ ಅಂಟಿಸಲು. ಒಂದು ಮಗು ನಂಬರು ನೋಡಿ, ಗೆರೆಯ ಒಳಗೆ ಸರಿಯಾಗಿ ಕೂರಿಸಿ, ಮೊದಲ ಪುಟದಲ್ಲಿ ತನ್ನ ಹೆಸರು ಬರೆದಿಟ್ಟಿದೆ. ಅಂಥ ಆಲ್ಬಂ ಸಿಕ್ಕರೆ ಹಾಗೇ ಇಡಿ. ಬಿಡಿ ಸೆಟ್ ಬೇಕಿದ್ದರೆ ಇನ್ನೊಂದು ಕೊಳ್ಳಿ.

ನಮ್ಮದು ಮಲೆನಾಡು. ಮಳೆಗಾಲದಲ್ಲಿ ಗೋಡೆಯೇ ಬೂಷ್ಟು ಹಿಡಿಯತ್ತೆ. ಕಾಗದ ಹೇಗೆ ಉಳಿಸೋದು?

ಇದು ನಮ್ಮವರ ಬಹುಮುಖ್ಯ ಪ್ರಶ್ನೆ. ಇಂಗ್ಲೆಂಡಿನ ಪುಸ್ತಕಗಳಲ್ಲಿ ಇದಕ್ಕೆ ನೇರ ಉತ್ತರ ಸಿಗುವುದಿಲ್ಲ. ಕರಾವಳಿಯವರಿಗೂ ಇದೇ ಪಾಡು.

ಕಾಗದಕ್ಕೆ ಹಿತವಾದದ್ದು ಶೇ 40ರಿಂದ 50ರಷ್ಟು ಗಾಳಿಯ ತೇವ. ಶೇ 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಬೆಳೆಯಲು ಶುರುವಾಗುತ್ತದೆ. ಆಗುಂಬೆ ಕಡೆ ಜುಲೈನಲ್ಲಿ ಮನೆಯೊಳಗೇ ಶೇ 90 ಇರುತ್ತದೆ. ಹಾಗಾಗಿ ಇಡೀ ಕೋಣೆಯನ್ನು ಒಣಗಿಸಲು ಹೋಗಬೇಡಿ. ಒಂದು ಡಬ್ಬಿಯನ್ನು ಒಣಗಿಸಿ. ಅಡುಗೆಮನೆಗೆ ತರುವ, ರಬ್ಬರ್ ಪಟ್ಟಿ ಇರುವ ಗಟ್ಟಿ ಮುಚ್ಚಳದ ಡಬ್ಬಿ ಸಾಕು. ಒಳಗೆ ಬಟ್ಟೆಯ ಚೀಲದಲ್ಲಿ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಾಯಿಸುವ ಜಾತಿಯದ್ದಾದರೆ ಯಾವಾಗ ತೇವ ಕುಡಿದು ತುಂಬಿತು ಎಂದು ಕಾಣುತ್ತದೆ. ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ತೇವ ಅಳೆಯುವ ಚಿಕ್ಕ ಮೀಟರ್ ಒಂದನ್ನು ಡಬ್ಬಿಯೊಳಗೇ ಇಟ್ಟರೆ ಊಹೆಯ ಕೆಲಸ ಇಲ್ಲ.

ಕಾರ್ಡನ್ನು ಡಬ್ಬಿಗೆ ಹಾಕುವ ದಿನವೂ ಮುಖ್ಯ. ಫೆಬ್ರವರಿ, ಮಾರ್ಚ್‌ನ ಒಣ ದಿನದಲ್ಲಿ ತುಂಬಿ ಮುಚ್ಚಿ. ಮಳೆ ಸುರಿಯುವಾಗ ತುಂಬಿದರೆ ಆ ತೇವವನ್ನೂ ಒಳಗೇ ಕೂಡಿಹಾಕಿದಂತೆ.

ಪ್ಲಾಸ್ಟಿಕ್ ಕವರ್ ಆರಿಸುವಾಗ ಪಿವಿಸಿ ಬೇಡ. ಹೊಸ ರೇನ್‌ಕೋಟಿನ ವಾಸನೆ ಬರುವ, ಮೆತ್ತಗಿನ ಕವರ್ ಸಾಮಾನ್ಯವಾಗಿ ಅದೇ. ಅದರಲ್ಲಿರುವ ಎಣ್ಣೆಯಂಥ ರಾಸಾಯನಿಕ ವರ್ಷಗಳಲ್ಲಿ ಹೊರಬಂದು ಬಣ್ಣವನ್ನು ಎಬ್ಬಿಸುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಎಂದು ಬರೆದಿರುವುದನ್ನೇ ಕೇಳಿ.

ಬೆಳ್ಳಿ ಬಣ್ಣದ ಪುಸ್ತಕದ ಹುಳು, ಗೆದ್ದಲು ಇವೆರಡಕ್ಕೆ ಗೋಡೆಯಿಂದ ದೂರ, ನೆಲದಿಂದ ಎತ್ತರದಲ್ಲಿ ಇಡುವುದೇ ಮದ್ದು. ನುಸಿಗುಳಿಗೆಯನ್ನು ಡಬ್ಬಿಯೊಳಗೆ ಹಾಕಬೇಡಿ. ವಾಸನೆ ಕಾಗದಕ್ಕೆ ಹತ್ತಿದರೆ ಬಿಡುವುದಿಲ್ಲ, ಕೆಲವು ಪ್ಲಾಸ್ಟಿಕ್‌ಗಳನ್ನೂ ಅದು ಮೆತ್ತಗೆ ಮಾಡುತ್ತದೆ. ಬೂಷ್ಟು ಈಗಾಗಲೇ ಹಿಡಿದಿದ್ದರೆ ಆ ಕಾರ್ಡನ್ನು ಬೇರೆ ಮಾಡಿ, ನೆರಳಲ್ಲಿ ಚೆನ್ನಾಗಿ ಒಣಗಿಸಿ, ಮೆತ್ತನೆಯ ಬ್ರಷ್‌ನಿಂದ ಮನೆಯ ಹೊರಗೆ ಒರೆಸಿ. ಹಸಿ ಇರುವಾಗ ಉಜ್ಜಿದರೆ ಕಲೆ ಒಳಗೆ ಇಳಿಯುತ್ತದೆ.

ಲ್ಯಾಮಿನೇಷನ್ ಮಾಡಿಸಿದ್ರೆ ಶಾಶ್ವತವಾಗಿ ಉಳಿಯಲ್ವಾ?

ಖಂಡಿತ ಮಾಡಿಸಬೇಡಿ. ಬಿಸಿಗೆ ಅಂಟು ಕಾಗದದೊಳಗೆ ಇಳಿಯುತ್ತದೆ, ಮತ್ತೆ ತೆಗೆಯಲು ಆಗುವುದಿಲ್ಲ. ಸೆಲೋ ಟೇಪ್, ರಬ್ಬರ್ ಬ್ಯಾಂಡ್, ಸ್ಟೇಪ್ಲರ್ ಪಿನ್ನಿಗೂ ಇದೇ ಮಾತು.

ಬಬಲ್‌ಗಮ್ ಕಾರ್ಡಿನ ಹಿಂದೆ ಎಣ್ಣೆ ಥರ ಕಲೆ ಇದೆ. ಹಾಳಾಗಿದ್ಯಾ?

ಅದು ಮೇಣ. ಅಮೆರಿಕದ ಗಮ್ ಪೊಟ್ಟಣವನ್ನು ಮೇಣದ ಕಾಗದದಲ್ಲಿ ಸುತ್ತಿ ಬಿಸಿಯಿಂದ ಮುಚ್ಚುತ್ತಿದ್ದರು. ಮಡಿಕೆಯ ಹತ್ತಿರವಿದ್ದ ಕಾರ್ಡಿಗೆ ಮೇಣ ಹತ್ತುತ್ತಿತ್ತು. ಗಮ್ ತಾಗಿಕೊಂಡಿದ್ದ ಕಾರ್ಡಿನ ಮೇಲೆ ಸಕ್ಕರೆಯ ಅಚ್ಚು ಉಳಿಯುತ್ತಿತ್ತು. ಎರಡೂ ಆ ಕಾರ್ಡು ಪೊಟ್ಟಣದಿಂದಲೇ ಬಂದದ್ದು ಎಂಬುದಕ್ಕೆ ಗುರುತು. ಬೆಲೆ ಸ್ವಲ್ಪ ಇಳಿಯುತ್ತದೆ, ಅಷ್ಟೇ. ನಮ್ಮ ಮನೆಗಳಲ್ಲಿ ನಿಜವಾದ ತೊಂದರೆ ಇರುವೆಗಳದ್ದು. ಸಕ್ಕರೆಯ ಅಂಶ ಇರುವ ಕಾರ್ಡನ್ನು ಬೇರೆ ಕವರಿನಲ್ಲಿ ಹಾಕಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲೇ ಇಡಿ.

## ಸ್ವಲ್ಪ ಆಳಕ್ಕೆ ಇಳಿದವರಿಗೆ

ಅಮೆರಿಕದ ಪಟ್ಟಿಗಳಲ್ಲಿ ಎಫ್277, ಆರ್, ಟಿ ಅಂತೆಲ್ಲ ಬರೆದಿರ್ತಾರೆ. ಏನದು?

ಜೆಫರ್ಸನ್ ಬರ್ಡಿಕ್ ಎಂಬ ಒಬ್ಬ ಮನುಷ್ಯ ಕೊಟ್ಟ ಸಂಕೇತಗಳು. ಅವರು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನವರು, ಎಲೆಕ್ಟ್ರಿಕಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1930ರ ದಶಕದಿಂದ ಅಮೆರಿಕದ ಎಲ್ಲ ಬಗೆಯ ಕಾರ್ಡುಗಳನ್ನು ವಿಂಗಡಿಸಿ ಪಟ್ಟಿ ಮಾಡುತ್ತಾ ಹೋದರು. ತಿಂಡಿ ಪದಾರ್ಥದ ಕಾರ್ಡಿಗೆ ಎಫ್, ಬ್ರೆಡ್ಡಿನ ಕಾರ್ಡಿಗೆ ಡಿ, ಹಳೆಯ ಮಿಠಾಯಿಗೆ ಇ, 1930ರ ನಂತರದ ಮಿಠಾಯಿ ಮತ್ತು ಗಮ್‌ಗೆ ಆರ್, ತಂಬಾಕಿಗೆ ಟಿ. ಹೈನ್ಜ್ ವಿಮಾನ ಕಾರ್ಡುಗಳು ಎಫ್277 ಆಗಿದ್ದು ಹೀಗೆ.

ಬರ್ಡಿಕ್ ತಮ್ಮ ಸಂಗ್ರಹ ಎಲ್ಲವನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ಮೂರು ಲಕ್ಷಕ್ಕೂ ಹೆಚ್ಚು ವಸ್ತುಗಳು. ಕೀಲು ನೋವಿನಿಂದ ಕೈ ಸರಿಯಾಗಿ ಆಡದಿದ್ದರೂ ಮ್ಯೂಸಿಯಂಗೆ ಬಂದು ಕೂತು ಆಲ್ಬಂಗಳಿಗೆ ಅಂಟಿಸಿದರು. ಆ ಕೆಲಸ ಮುಗಿದ ಕೆಲವೇ ತಿಂಗಳಲ್ಲಿ, 1963ರಲ್ಲಿ ತೀರಿಕೊಂಡರು. ಈ ಹವ್ಯಾಸದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಹೆಸರು ಅವರದ್ದು.

ಒಂದೇ ಕಾರ್ಡು, ಒಂದರ ಹಿಂಬದಿ ಕೆಂಪು, ಇನ್ನೊಂದರದ್ದು ನೀಲಿ. ಯಾವುದು ಅಸಲಿ?

ಅಮೆರಿಕದ ಬಬಲ್‌ಗಮ್ ಕಂಪನಿ ಟಾಪ್ಸ್ 1957ರಲ್ಲಿ ತಂದ 'ಪ್ಲೇನ್ಸ್' ಸೆಟ್ ಬಗ್ಗೆ ಕೇಳುತ್ತಿದ್ದರೆ ಎರಡೂ ಅಸಲಿ. ಆ 120 ಕಾರ್ಡುಗಳು ಕೆಂಪು ಮತ್ತು ನೀಲಿ ಎರಡೂ ಹಿಂಬದಿಯಲ್ಲಿ ಬಂದಿವೆ. ಹಟ ಇರುವವರು ಎರಡನ್ನೂ ಬೇರೆ ಬೇರೆ ಸೆಟ್ ಆಗಿ ಕಟ್ಟುತ್ತಾರೆ. ನನಗೆ ಒಂದು ಬಣ್ಣದಲ್ಲಿ ಪೂರ್ತಿಯಾದರೆ ಸಾಕು.

ಬ್ರೂಕ್ ಬಾಂಡ್‌ನಲ್ಲಿ ಕಥೆ ಬೇರೆ. ಕೆಲವು ಸೆಟ್‌ಗಳ ಮೊದಲ ಮುದ್ರಣದ ಹಿಂಬದಿ ನೀಲಿ ಅಕ್ಷರದ್ದು. ನಂತರ ಕಂಪನಿಯೇ ಮತ್ತೆ ಅಚ್ಚು ಹಾಕಿಸಿದಾಗ ಕಪ್ಪು ಅಕ್ಷರ ಬಂತು. ಕಪ್ಪು ಎಂದರೆ ನಕಲಿ ಅಲ್ಲ, ತಡವಾಗಿ ಬಂದದ್ದು. ಮೊದಲ ಮುದ್ರಣ ಎಂದು ಬೆಲೆ ಹೇಳಿ ಕಪ್ಪು ಹಿಂಬದಿಯದ್ದು ಕಳಿಸಿದರೆ ಮಾತ್ರ ತಕರಾರು ಮಾಡಿ.

ಮರುಮುದ್ರಣ, ಕಲರ್ ಪ್ರಿಂಟ್‌ಔಟ್ ಇವನ್ನ ಮನೇಲೇ ಕಂಡುಹಿಡಿಯೋದು ಹೇಗೆ?

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಕೊಳ್ಳಿ. ಅಕ್ಕಸಾಲಿಗರು ಬಳಸುವಂಥದ್ದು. ಆಮೇಲೆ ಕಣ್ಣಿಗೆ ಅಭ್ಯಾಸ ಮಾಡಿಸಿ.

ಮೊದಲು ಹಳೆಯ ಕಲ್ಲಚ್ಚಿನ ಕಾರ್ಡು. ಲೀಬಿಗ್ ಕಂಪನಿಯ ಮಾಂಸದ ಸಾರದ ಕಾರ್ಡುಗಳು ಇದಕ್ಕೆ ಒಳ್ಳೆಯ ಮಾದರಿ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಕೆಲವೊಮ್ಮೆ ಹನ್ನೆರಡರವರೆಗೆ. ಚುಕ್ಕೆಗಳನ್ನು ಕುಶಲಕರ್ಮಿ ಕೈಯಿಂದ ಇಟ್ಟದ್ದು. ಹಾಗಾಗಿ ಅವು ಅಡ್ಡಾದಿಡ್ಡಿಯಾಗಿರುತ್ತವೆ, ಅಳತೆಯಲ್ಲೂ ಒಂದೇ ಸಮ ಇರುವುದಿಲ್ಲ. ನಂತರದ ಆಫ್‌ಸೆಟ್ ಮುದ್ರಣದಲ್ಲಿ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಸಾಲಾಗಿ, ಪುಟ್ಟ ಹೂವಿನ ಆಕಾರದಲ್ಲಿ ಕೂತಿರುತ್ತವೆ. ಮನೆಯ ಪ್ರಿಂಟರ್‌ನದ್ದಾದರೆ ಬಣ್ಣ ಮಂಜಿನ ಹಾಗೆ ಚದುರಿರುತ್ತದೆ. ಕಲ್ಲಚ್ಚಿನ ಕಾರ್ಡು ಎಂದು ಹೇಳಿ ಕೊಟ್ಟದ್ದರಲ್ಲಿ ಹೂವಿನ ಸಾಲು ಕಂಡರೆ ವಿಷಯ ಮುಗಿಯಿತು. ಆಫ್‌ಸೆಟ್ ಕಾರ್ಡಿನದ್ದೇ ಮರುಮುದ್ರಣವಾದರೆ ಅಕ್ಷರ ನೋಡಿ. ಅಸಲಿಯಲ್ಲಿ ಕಪ್ಪು ಅಕ್ಷರ ತುಂಬಿದ ಒಂದೇ ಮಸಿಯದ್ದು, ಅಂಚು ಚೂಪು. ಫೋಟೋ ತೆಗೆದು ಅಚ್ಚು ಹಾಕಿದ್ದರಲ್ಲಿ ಅಕ್ಷರವೂ ಚುಕ್ಕೆಗಳಾಗಿ ಒಡೆಯುತ್ತದೆ.

ಎರಡನೇ ಪರೀಕ್ಷೆ ಅಲ್ಟ್ರಾವೈಲೆಟ್ ಟಾರ್ಚ್, ನೋಟು ಪರೀಕ್ಷಿಸಲು ಬಳಸುವಂಥದ್ದು. ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಸುಮಾರು 1950ರ ನಂತರ. ಕತ್ತಲೆಯಲ್ಲಿ ಈ ಬೆಳಕು ಬಿದ್ದಾಗ 1930ರ ಹೈನ್ಜ್ ಕಾರ್ಡು ಮಂಕಾಗಿಯೇ ಇರಬೇಕು. ನೀಲಿ ಬಿಳುಪಿನಲ್ಲಿ ಹೊಳೆದರೆ ಅನುಮಾನ ಪಡಿ. 1970ರ ಟೀ ಕಾರ್ಡಿಗೆ ಈ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ.

ಕೊನೆಗೆ ಅಳತೆ. ಗೊತ್ತಿರುವ ಅಸಲಿ ಕಾರ್ಡಿನ ಪಕ್ಕ ಇಟ್ಟು ನೋಡಿ. ಸವೆದ ಅಂಚನ್ನು ಹೊಸದಾಗಿ ಕತ್ತರಿಸಿ ಚೂಪು ಮಾಡಿದ ಕಾರ್ಡು ಕೂದಲೆಳೆಯಷ್ಟು ಚಿಕ್ಕದಿರುತ್ತದೆ.

1952ರ ಟಾಪ್ಸ್ 'ವಿಂಗ್ಸ್' ಸೆಟ್‌ಗೆ ಅಷ್ಟೊಂದು ಹೆಸರು ಯಾಕೆ?

200 ಕಾರ್ಡು, ಸುಮಾರು 66 × 95 ಮಿ.ಮೀ. ಅಳತೆಯ ದೊಡ್ಡ ಚಿತ್ರ. ಟಾಪ್ಸ್ ಅದೇ ವರ್ಷ ತಂದ ಪ್ರಸಿದ್ಧ ಬೇಸ್‌ಬಾಲ್ ಕಾರ್ಡುಗಳೂ ಇದೇ ಅಳತೆಯವು. ಕಾಲವೂ ಒಂದು ಕಾರಣ. ಕೊರಿಯಾ ಯುದ್ಧ ನಡೆಯುತ್ತಿತ್ತು, ಅಮೆರಿಕದ ಸೇಬರ್ ಮತ್ತು ಸೋವಿಯತ್ ಮಿಗ್-15 ಜೆಟ್ ವಿಮಾನಗಳು ಆಕಾಶದಲ್ಲಿ ಎದುರುಬದುರಾಗಿದ್ದವು. ಸೆಟ್‌ನ ಇನ್ನೊಂದು ಹೆಸರು 'ಫ್ರೆಂಡ್ ಆರ್ ಫೋ'. ತಲೆಯ ಮೇಲೆ ಹಾರುವುದು ನಮ್ಮವರದೋ ಶತ್ರುವಿನದೋ ಎಂದು ಮಕ್ಕಳು ಗುರುತಿಸಲಿ ಎಂಬ ಭಾವ.

ನನಗೆ ಇದರಲ್ಲಿ ಅತಿ ಇಷ್ಟವಾದದ್ದು ಸೋವಿಯತ್ ವಿಮಾನಗಳ ಕಾರ್ಡುಗಳು. ಆಗ ಪಶ್ಚಿಮದವರ ಹತ್ತಿರ ಅವುಗಳ ಒಳ್ಳೆಯ ಫೋಟೋಗಳೇ ಕಡಿಮೆ. ಇವತ್ತು ನಮಗೆ ಪರಿಚಯವಿರುವ ನೇಟೊ ಸಂಕೇತನಾಮಗಳ ಪದ್ಧತಿ ಬಂದದ್ದು 1954ರ ಹೊತ್ತಿಗೆ. ಅದಕ್ಕೂ ಮುಂಚೆ ಅಮೆರಿಕದ ವಾಯುಪಡೆ ಅವಕ್ಕೆ ಬರೀ ಟೈಪ್ ನಂಬರು ಕೊಡುತ್ತಿತ್ತು, ಮಿಗ್-15 'ಟೈಪ್ 14' ಆಗಿತ್ತು. ಹಾಗಾಗಿ ಆ ದಶಕದ ಕಾರ್ಡುಗಳನ್ನು ಓದುವಾಗ ಸರಿ ತಪ್ಪು ಎಂದು ಗೀಟು ಹಾಕುತ್ತಾ ಹೋಗಬೇಡಿ. ಒಂದು ದೇಶ ತನ್ನ ಎದುರಾಳಿಯ ಬಗ್ಗೆ ಮಕ್ಕಳಿಗೆ ಏನು ಹೇಳಿತು ಎಂಬುದಕ್ಕೆ ಅದು ದಾಖಲೆ. 1956ರಲ್ಲಿ ಅದೇ ಕಂಪನಿ ತಂದ 240 ಕಾರ್ಡಿನ 'ಜೆಟ್ಸ್' ಸೆಟ್ ಪಕ್ಕ ಇಟ್ಟು ಓದಿ. ನಾಲ್ಕು ವರ್ಷದಲ್ಲಿ ಮಾತಿನ ಧಾಟಿ ಎಷ್ಟು ಬದಲಾಯಿತು ಎಂದು ಕಾಣುತ್ತದೆ.

ಲೀಬಿಗ್ ಕಾರ್ಡು ಯಾಕೆ ಆರಾರೇ ಇರ್ತವೆ? ಭಾಷೆಯೂ ಬೇರೆ ಬೇರೆ?

ಲೀಬಿಗ್‌ನವರ ಪದ್ಧತಿ ಅದು. 1870ರ ದಶಕದಿಂದ 1975ರವರೆಗೆ ನಡೆದ ಅವರ ಸಾಲಿನಲ್ಲಿ ಒಂದು ವಿಷಯಕ್ಕೆ ಸಾಮಾನ್ಯವಾಗಿ ಆರು ಕಾರ್ಡು. ಕಾರ್ಖಾನೆ ಉರುಗ್ವೆಯ ಫ್ರೇ ಬೆಂಟೋಸ್‌ನಲ್ಲಿ, ಗಿರಾಕಿಗಳು ಯುರೋಪಿನ ತುಂಬ. ಒಂದೇ ಚಿತ್ರಕ್ಕೆ ಇಟಾಲಿಯನ್, ಫ್ರೆಂಚ್, ಜರ್ಮನ್, ಫ್ಲೆಮಿಶ್ ಬರಹ ಹಾಕಿ ಹಂಚುತ್ತಿದ್ದರು. ಬಲೂನು, ಏರ್‌ಶಿಪ್, ವಿಮಾನಗಳ ಸೆಟ್‌ಗಳು ಇದರಲ್ಲಿ ಸಿಗುತ್ತವೆ. ಒಂದೇ ಭಾಷೆಯ ಆರೂ ಇದ್ದರೆ ಮಾತ್ರ ಪೂರ್ತಿ ಸೆಟ್ ಎಂದು ಎಣಿಸಿ.

ಬೆಂಗಳೂರಿಗೆ ಸಂಬಂಧಪಟ್ಟ ವಿಮಾನಗಳನ್ನಷ್ಟೇ ಆರಿಸಿ ಒಂದು ಸಂಗ್ರಹ ಮಾಡ್ಬಹುದಾ?

ಮಾಡಬಹುದು. ಸೆಟ್ ಪೂರ್ತಿ ಮಾಡುವುದಕ್ಕಿಂತ ನನಗೆ ಇದೇ ಹೆಚ್ಚು ಪ್ರಿಯ.

ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದು 1940ರ ಡಿಸೆಂಬರ್‌ನಲ್ಲಿ. ಮೊದಲು ಜೋಡಿಸಿದ್ದು ಅಮೆರಿಕದ ಹಾರ್ಲೋ ತರಬೇತಿ ವಿಮಾನ, ಆಮೇಲೆ ಕರ್ಟಿಸ್ ಹಾಕ್. 1943ರಲ್ಲಿ ಕಾರ್ಖಾನೆಯನ್ನು ಅಮೆರಿಕದ ವಾಯುಸೇನೆ ವಹಿಸಿಕೊಂಡು ರಿಪೇರಿ ಡಿಪೋ ಮಾಡಿಕೊಂಡಿತು. ಬಿ-25 ಬಾಂಬರ್, ಸಿ-47 ಸಾಗಣೆ ವಿಮಾನ, ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ಎಲ್ಲ ಇಲ್ಲಿಗೆ ಬಂದವು. ಕ್ಯಾಟಲೀನಾಗಳು ಇಳಿದದ್ದು ಬೆಳ್ಳಂದೂರು ಕೆರೆಯಲ್ಲಿ. ಇವತ್ತು ಆ ಕೆರೆ ನೋಡಿದವರಿಗೆ ನಂಬುವುದು ಕಷ್ಟ. ಯುದ್ಧದ ಕಾಲದ ಯಾವುದೇ ಅಮೆರಿಕನ್ ವಿಮಾನ ಸೆಟ್ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಈ ಹೆಸರುಗಳನ್ನೇ.

ಯುದ್ಧದ ನಂತರದ್ದಕ್ಕೆ ಬ್ರಿಟಿಷ್ ಕಾರ್ಡು ಹುಡುಕಿ. ಡಿ ಹ್ಯಾವಿಲೆಂಡ್ ವ್ಯಾಂಪೈರ್ ಇಲ್ಲಿ ಲೈಸೆನ್ಸ್ ಪಡೆದು ತಯಾರಾಯಿತು. ಪುಟಾಣಿ ಫಾಲಂಡ್ ನ್ಯಾಟ್ ಕೂಡ ಇಲ್ಲಿ ತಯಾರಾಗಿ, 1965ರ ಯುದ್ಧದಲ್ಲಿ ಹೆಸರು ಮಾಡಿತು. ಅದರ ಸುಧಾರಿಸಿದ ರೂಪವೇ ನಮ್ಮ ಅಜೀತ್. ಇನ್ನೊಂದು ಎಳೆ ಕರ್ಟ್ ಟ್ಯಾಂಕ್ ಅವರದು. ಎರಡನೇ ಮಹಾಯುದ್ಧದ ಕಾರ್ಡುಗಳಲ್ಲಿ ಜರ್ಮನಿಯ ಫೋಕೆ-ವುಲ್ಫ್ 190 ಕಂಡರೆ ತೆಗೆದಿಡಿ. ಅದನ್ನು ರೂಪಿಸಿದವರೇ ಮುಂದೆ ಬೆಂಗಳೂರಿಗೆ ಬಂದು ಎಚ್ಎಫ್-24 ಮಾರುತ್ ರೂಪಿಸಿದರು. ಅದು ಮೊದಲು ಹಾರಿದ್ದು 1961ರ ಜೂನ್ 17ರಂದು. ಕಾರ್ಡುಗಳನ್ನು ಹೀಗೆ ಜೋಡಿಸಿಟ್ಟುಕೊಂಡು, ಮಕ್ಕಳನ್ನು ಕರೆದುಕೊಂಡು ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್ಎಎಲ್ ಮ್ಯೂಸಿಯಂಗೆ ಹೋಗಿ. ಚಿತ್ರದಲ್ಲಿ ನೋಡಿದ್ದರ ನಿಜವಾದ ಗಾತ್ರ ಅಲ್ಲಿ ತಿಳಿಯುತ್ತದೆ.

ಅಮೆರಿಕದವರ ಥರ ಗ್ರೇಡ್ ಮಾಡಿಸಿ ಪ್ಲಾಸ್ಟಿಕ್ ಪೆಟ್ಟಿಗೇಲಿ ಇಡ್ಬೇಕಾ?

ಪಿಎಸ್‌ಎಯಂಥ ಸಂಸ್ಥೆಗಳು 1ರಿಂದ 10ರವರೆಗೆ ಅಂಕ ಕೊಟ್ಟು ಕಾರ್ಡನ್ನು ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿಕೊಡುತ್ತವೆ. ಅತಿ ಒಳ್ಳೆಯ ಸ್ಥಿತಿಯ 1952ರ 'ವಿಂಗ್ಸ್' ಮಾರುವವರಿಗೆ ಇದರಿಂದ ಲಾಭ ಇದೆ. ಟೀ ಕಾರ್ಡಿಗೆ ಖರ್ಚು ಕೂಡ ಹುಟ್ಟುವುದಿಲ್ಲ. ಲಾಭಕ್ಕಾಗಿ ಈ ಹವ್ಯಾಸಕ್ಕೆ ಬರುವವರಿಗೆ ನಾನು ಬೇರೆ ದಾರಿ ನೋಡಿ ಎಂದೇ ಹೇಳುತ್ತೇನೆ. ಬ್ರಿಟಿಷ್ ಸೆಟ್‌ಗಳ ಬೆಲೆ ದಶಕಗಳಿಂದ ಹೆಚ್ಚು ಏರಿಲ್ಲ. ಅದರಿಂದಲೇ ನಮ್ಮಂಥವರಿಗೆ ಅವು ಇನ್ನೂ ಸಿಗುತ್ತಿವೆ.

ಕಾರ್ಡು ಜಾಸ್ತಿ ಆಗಿವೆ, ಯಾವುದಿದೆ ಯಾವುದಿಲ್ಲ ನೆನಪಿರಲ್ಲ. ಲೆಕ್ಕ ಹೇಗೆ ಇಡ್ಲಿ?

ಒಂದು ಎಕ್ಸೆಲ್ ಹಾಳೆ ಸಾಕು. ಕಂಪನಿ, ಸೆಟ್‌ನ ಹೆಸರು, ವರ್ಷ, ನಂಬರು, ವಿಮಾನದ ಹೆಸರು, ಹಿಂಬದಿಯ ಬಣ್ಣ, ಸ್ಥಿತಿ, ಕೊಂಡ ಬೆಲೆ. ವಿಮಾನದ ಹೆಸರಿಗೆ ಬೇರೆ ಕಾಲಂ ಇರಲಿ. ಆಗ 'ಕ್ಯಾಟಲೀನಾ' ಎಂದು ಹುಡುಕಿದರೆ ಎಲ್ಲ ಸೆಟ್‌ಗಳಿಂದಲೂ ಅದು ಒಟ್ಟಿಗೆ ಸಿಗುತ್ತದೆ. ಕಾರ್ಡಿನ ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಕಡತಕ್ಕೆ ಸೆಟ್ ಮತ್ತು ನಂಬರಿನ ಹೆಸರು ಕೊಡಿ. ಬರೀ ಬಾಕಿ ನಂಬರುಗಳ ಒಂದು ಪಟ್ಟಿಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಯಲ್ಲೋ, ಲಂಡನ್ನಿನ ಭಾನುವಾರದ ಸಂತೆಯಲ್ಲೋ ಒಂದು ಹಳೆಯ ಆಲ್ಬಂ ಎದುರಾದಾಗ ಆ ಪಟ್ಟಿ ನಿಮ್ಮ ಜೇಬಿನಲ್ಲಿರಬೇಕು.